ನೆನಪಣ್ಣನ ಬೆನ್ನ ಹಿಂದೆ

ಊರಿನವರು ಅವನಿಗೆ ನೆನಪಣ್ಣ ಅಂತ ಹೆಸರಿಟ್ಟಿದ್ದರು. ಎರಡು ಸಲ ಪುರಸಭೆ ಸದಸ್ಯ, ಒಂದು ಸಲ ಅಧ್ಯಕ್ಷ, ಆಮೇಲೆ ಎರಡು ಸಲ ಶಾಸಕ. ಇಷ್ಟಕ್ಕೆಲ್ಲ ಅವನ ನೆನಪಿನ ಶಕ್ತಿಯೇ ಕಾರಣ ಎಂದು ಪತ್ರಿಕೆಯವರು ಫೋಟೋ ಹಾಕಿ ಬರೆದಿದ್ದರು. ರಸ್ತೆಯಲ್ಲಿ ಯಾರೇ ಎದುರಾಗಲಿ, ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡು, "ತಾಯಿಯವರ ಮಂಡಿನೋವು ಹೇಗಿದೆ?" ಎನ್ನುತ್ತಿದ್ದ. "ಮಗಳು ಪಾಸಾದಳಂತೆ, ನಂಗೆ ಒಂದು ಮಾತೂ ಹೇಳ್ಲಿಲ್ಲವಲ್ಲ!" ಎಂದು ಹುಸಿಮುನಿಸು ತೋರುತ್ತಿದ್ದ. ಕೇಳಿಸಿಕೊಂಡವರ ಕಾಲು ಮೂರು ದಿನ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮಮ್ಮನ ಮಂಡಿ ಶಾಸಕರಿಗೆ ಗೊತ್ತು ಅಂದರೆ ಸಾಮಾನ್ಯವೇ?

ನೆನಪಂತೆ ನೆನಪು! ಆ ತಲೆಯಲ್ಲಿ ನೆನಪು ಅನ್ನುವುದು ಎಳ್ಳಷ್ಟೂ ಇರಲಿಲ್ಲ. ಬೆಳಗ್ಗೆ ಕೈಕುಲುಕಿದವನಿಗೆ ಮಧ್ಯಾಹ್ನ ಮತ್ತೆ ತನ್ನ ಪರಿಚಯ ಹೇಳಿಕೊಳ್ಳುವ ಪೈಕಿ ಅವನು. ನೆನಪೆಲ್ಲ ಇದ್ದದ್ದು ಅವನ ಎಡಭುಜದ ಹಿಂದೆ, ಒಂದು ಗೇಣು ದೂರದಲ್ಲಿ, ಬಾಯಿಗೆ ಕರವಸ್ತ್ರ ಹಿಡಿದು ನಿಲ್ಲುತ್ತಿದ್ದ ಅತ್ತಿಗೆಯ ಬಳಿ. ಪಾಪ, ಆಯಮ್ಮನಿಗೆ ವರ್ಷವಿಡೀ ನೆಗಡಿ ಎಂದು ಜನ ಮರುಕಪಡುತ್ತಿದ್ದರು. ಅತ್ತಿಗೆಗೆ ಒಂದು ದಿನ ಒಂದು ಸೀನು ಬಂದದ್ದಿಲ್ಲ. ಆ ಕರವಸ್ತ್ರದ ಹಿಂದೆ ಅವಳ ತುಟಿ ಅಲ್ಲಾಡುವುದು ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೇ.

ಅವಳು ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಹದಿನೆಂಟು ವರ್ಷ ಹೊರರೋಗಿಗಳ ಚೀಟಿ ಬರೆದವಳು. "ಏನಾಗಿದೆ?" ಎಂದು ಕೇಳುವುದು, ಬರೆಯುವುದು, ಚೀಟಿ ಹರಿದು ಕೊಡುವುದು. ಹೀಗಾಗಿ ಊರಿನ ಪ್ರತಿ ಮನೆಯ ಕೆಮ್ಮು, ಬಸಿರು, ಬಾಣಂತನ, ಬಿದ್ದ ಹಲ್ಲು, ಮುರಿದ ಕಾಲು ಅವಳ ತಲೆಯಲ್ಲಿ ಸಾಲಾಗಿ ಕೂತಿದ್ದವು. ಮೈದುನ ಮೊದಲ ಸಲ ವಾರ್ಡ್ ಚುನಾವಣೆಗೆ ನಿಂತು, ಮನೆಮನೆಗೆ ಹೋಗಿ, ಯಾರು ಯಾರೆಂದು ತಿಳಿಯದೆ ಪೆಚ್ಚಾಗಿ, ಹೀನಾಯವಾಗಿ ಸೋತು ಬಂದು ಅವಳ ಅಡುಗೆಮನೆಯಲ್ಲಿ ಕೂತು ಅತ್ತಿದ್ದ. ಹದಿಮೂರು ವರ್ಷಕ್ಕೆ ತಾಯಿ ಇಲ್ಲದೆ ಇವಳ ಕೈಗೆ ಬಂದವನು, ಇವಳೇ ಬಡಿಸಿ, ಇವಳೇ ಬೈದು ಬೆಳೆಸಿದವನು. ಅಳು ನೋಡಲಾಗದೆ, "ಮುಂದಿನ ಸಲ ನಾನು ಜೊತೆಗೆ ಬರ್ತೀನಿ, ಸುಮ್ನಿರು" ಎಂದಿದ್ದಳು. ಆ ಒಂದು ಮಾತಿನಿಂದ ಅವನು ಎಲ್ಲಿಗೆ ಏರಿದ, ಇವಳು ಎಲ್ಲಿಗೆ ಬಂದಳು ಎನ್ನುವುದೇ ಈ ಕಥೆ.

ಇಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಬರುತ್ತಿರುವವರ ಮನೆಯಲ್ಲಿ ಕಾಯಿಲೆಯೋ ಸಾವೋ ಇದ್ದರೆ ಅವಳು ನಾಲ್ಕು ಪದದಲ್ಲಿ ಕಿವಿಗೆ ಹಾಕುತ್ತಿದ್ದಳು: "ಬೇಕರಿಯವರು, ಮಗನ ಕಣ್ಣು ಆಪರೇಷನ್." ತನಗೇ ಗೊತ್ತಿಲ್ಲದವರಾದರೆ ಅಂಗಿಯ ತೋಳನ್ನು ಹಿಂದಿನಿಂದ ಒಮ್ಮೆ ಎಳೆಯುತ್ತಿದ್ದಳು, ಆಗ ಅವನು ಬರೀ ಕೈಕುಲುಕಿ ಮುಂದೆ ಹೋಗುತ್ತಿದ್ದ. ಪಿಸುಮಾತೂ ಇಲ್ಲ, ತೋಳೂ ಎಳೆಯಲಿಲ್ಲ ಎಂದರೆ, ಮನೆಯಲ್ಲಿ ಎಲ್ಲ ಸುಖ, ಭಯವಿಲ್ಲ, ಬಾಯಿಗೆ ಬಂದದ್ದು ಹೇಳು ಎಂದರ್ಥ. ಅಂಥವರಿಗೆಂದೇ ಅವನ ಬಳಿ ಒಂದು ಸಿದ್ಧ ಮಾತಿತ್ತು. "ಮೊನ್ನೆ ಮಾರ್ಕೆಟ್ ಹತ್ರ ನಿಮ್ಮ ಮನೆಯವರು ಸಿಕ್ಕಿದ್ರು" ಎಂದು ಶುರುಮಾಡಿ ಮೇಲೆ ಒಂದಿಷ್ಟು ಉಪ್ಪುಖಾರ ಹಚ್ಚುತ್ತಿದ್ದ. ಸಿಕ್ಕಿರಲಿ ಬಿಡಲಿ, ಮಾರ್ಕೆಟ್ಟಿಗೆ ಹೋಗದ ಹೆಂಗಸು ಯಾವ ಊರಿನಲ್ಲಿದ್ದಾಳೆ? ಆ ಮಾತು ಒಂದು ದಿನವೂ ಸುಳ್ಳಾಗಿರಲಿಲ್ಲ.

ಅವಳ ಗಂಡ, ಅಂದರೆ ಅವನ ಸ್ವಂತ ಅಣ್ಣ, ಪುರಸಭೆಯಲ್ಲಿ ಓವರ್‌ಸಿಯರ್. ಕಟ್ಟಡದ ಮುಂದೆ ನಿಂತರೆ ಕಣ್ಣಳತೆಯಲ್ಲೇ ಗೋಡೆ ವಾಲಿದೆ ಎನ್ನುತ್ತಿದ್ದ ಮನುಷ್ಯ. ತಮ್ಮ ಅಧ್ಯಕ್ಷನಾಗಿದ್ದ ಕಾಲದಲ್ಲಿ ಹೊಸ ತರಕಾರಿ ಮಾರ್ಕೆಟ್ ಕಟ್ಟಿದರು. ಛಾವಣಿಗೆ ಕಾಂಕ್ರೀಟ್ ಹಾಕಿ ಇನ್ನೂ ಒಂಬತ್ತು ದಿನ. ವಿಧಾನಸಭೆ ಚುನಾವಣೆ ಘೋಷಣೆಯಾಗುವ ಮೊದಲೇ ಉದ್ಘಾಟನೆ ಆಗಿಬಿಡಬೇಕು ಎಂದು ತಮ್ಮನಿಗೆ ಕಾಲು ನಿಲ್ಲದ ಆತುರ.

ಆ ಮಾತುಕತೆ ನಡೆದದ್ದು ಅತ್ತಿಗೆಯ ಅಡುಗೆಮನೆಯಲ್ಲಿ, ಅವಳು ಬೀನ್ಸ್ ಹೆಚ್ಚುತ್ತಿದ್ದಾಗ. "ಇಪ್ಪತ್ತೊಂದು ದಿನ ಆಗದೆ ಕೆಳಗಿನ ಸೆಂಟ್ರಿಂಗ್ ಆಸರೆ ತೆಗೆಯೋ ಹಾಗಿಲ್ಲ ಕಣೋ" ಎಂದ ಅಣ್ಣ. "ಕಂಬಿ ಬೇರೆ ಸಣ್ಣದು ಹಾಕಿದ್ದಾನೆ ಕಂಟ್ರಾಕ್ಟರ್. ನಾನು ಸರ್ಟಿಫಿಕೇಟ್ ಕೊಡಲ್ಲ."

"ಅಣ್ಣಾ, ಒಂದು ಸಹಿ ಅಷ್ಟೇ. ಚುನಾವಣೆ ಮುಗಿದ ಮೇಲೆ ಬೇಕಾದ್ರೆ ಇನ್ನೊಂದು ಕಂಬ ಕೊಡೋಣ. ಏನಾದ್ರೂ ಆದ್ರೆ ನಾನಿದ್ದೀನಲ್ಲ."

"ಏನಾದ್ರೂ ಆದ್ರೆ ಜನ ಇರ್ತಾರೋ ಕೆಳಗೆ."

"ನಾನಿದ್ದೀನಿ ಅಂತ ಹೇಳಿದ್ನಲ್ಲ! ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಅಣ್ಣ ಹೆಂಡತಿಯ ಮುಖ ನೋಡಿದ. ಅವಳು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ನಾನೇ ಬೆಳೆಸಿದ ಹುಡುಗ, ಕೈಬಿಡುತ್ತಾನೆಯೇ ಎಂದುಕೊಂಡು ಬೀನ್ಸ್ ಹೆಚ್ಚುವುದನ್ನು ಮುಂದುವರಿಸಿದಳು. ಸಹಿ ಆಯಿತು.

ಉದ್ಘಾಟನೆಯಾದ ಹನ್ನೊಂದನೆಯ ದಿನ ಬೆಳಗ್ಗೆ ಒಂಬತ್ತೂವರೆಗೆ ಛಾವಣಿಯ ಒಂದು ಮೂಲೆ ಧಡಾರನೆ ಕುಸಿಯಿತು. ಹತ್ತಾರು ಜನಕ್ಕೆ ಗಾಯ. ಸತ್ತವಳು ಒಬ್ಬಳು, ಬೀಗ ರಿಪೇರಿಯವನ ಹೆಂಡತಿ. ಈರುಳ್ಳಿ ಕೊಳ್ಳಲು ಬಂದಿದ್ದಳು. ನಾನಿದ್ದೀನಿ ಎಂದಿದ್ದ ತಮ್ಮ ಅವತ್ತು ಮಧ್ಯಾಹ್ನವೇ ರಾಜಧಾನಿಗೆ ಹೋಗಿ ಕೂತ. ಪರಿಹಾರದ ಚೆಕ್ಕನ್ನು ಯಾರೋ ಅಧಿಕಾರಿ ಕೊಟ್ಟು ಬಂದ. ನಾಲ್ಕನೆಯ ದಿನ ತಮ್ಮ ಫೋನ್ ಮಾಡಿ, "ಅಣ್ಣಾ, ನನ್ನ ಹೆಸರು ಮಾತ್ರ ತರಬೇಡ. ಚುನಾವಣೆ ಒಂದು ಮುಗೀಲಿ, ಎಲ್ಲ ಸರಿಮಾಡ್ತೀನಿ" ಎಂದು ಅತ್ತ. ಆ ಅಳುವಿಗೆ ಅಣ್ಣ ಮತ್ತೆ ಸೋತ. ಕೋರ್ಟಿನಲ್ಲಿ, ಯಾರೂ ಹೇಳಿಕೊಟ್ಟಿಲ್ಲ, ನನ್ನದೇ ನಿರ್ಧಾರ ಎಂದು ತಲೆತಗ್ಗಿಸಿ ನಿಂತ. ನಾಲ್ಕು ವರ್ಷ ಜೈಲು.

ಅಷ್ಟಕ್ಕೇ ಮುಗಿದಿದ್ದರೆ ಅತ್ತಿಗೆ ಹಣೆಬರಹ ಎಂದುಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಚುನಾವಣೆಯ ಸಭೆಯಲ್ಲಿ, ಅವಳು ಬೆನ್ನ ಹಿಂದೆ ಕರವಸ್ತ್ರ ಹಿಡಿದು ನಿಂತಿದ್ದಾಗ, ಈ ಮಹಾನುಭಾವ ಮೈಕಿನ ಮುಂದೆ ಎದೆ ಬಡಿದುಕೊಂಡು ಹೇಳಿದ: "ತಪ್ಪು ಮಾಡಿದವನು ನನ್ನ ಒಡಹುಟ್ಟಿದ ಅಣ್ಣ! ಆದ್ರೂ ನಾನು ಕಾನೂನಿಗೆ ಅಡ್ಡ ಬರ್ಲಿಲ್ಲ!" ಚಪ್ಪಾಳೆಯೋ ಚಪ್ಪಾಳೆ. ಇಳಿದು ಬಂದವನ ಮುಖ ನೋಡಿದಳು, ಅವನು ಅವಳ ಮುಖ ನೋಡದೆ, "ಅತ್ತಿಗೆ, ಮುಂದಿನವರು ಯಾರು?" ಎಂದ. ಅವಳು ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟಳು. ಗಂಡನನ್ನು ಬೇಗ ಬಿಡಿಸುವ ಕೀಲಿ ಇವನ ಕೈಯಲ್ಲಿದೆ ಎಂಬ ಆಸೆ. ಆ ಮಾತಿನಿಂದಲೇ ಅವನು ಗೆದ್ದ. ಗೆದ್ದ ಮೇಲೆ ಪ್ರತಿ ಸಭೆಯಲ್ಲೂ ಅದೇ ಮಾತು, ಅದೇ ಚಪ್ಪಾಳೆ. ಗಂಡ ಒಂದು ದಿನವೂ ಬೇಗ ಬರಲಿಲ್ಲ.

ಬಂದ ಮೇಲೂ ಬಂದ ಹಾಗಾಗಲಿಲ್ಲ. ಮನೆಗೆ ಬಂದು ಮೂರು ವರ್ಷವಾದರೂ ಹೊಸಿಲು ದಾಟಿ ಬೀದಿಗಿಳಿಯಲಿಲ್ಲ. ಕೂದಲು ಕೂಡ ಅವಳೇ ಕತ್ತರಿಸಬೇಕು. ಹಳೆಯ ಅಳತೆ ಟೇಪು ಹಿಡಿದು ಮನೆಯ ಗೋಡೆಯ ಬಿರುಕುಗಳನ್ನು ಅಳೆಯುವುದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು ಬರೆಯುವುದು, ಇದೇ ಅವನ ದಿನಚರಿ. ಬಾಗಿಲ ಮುಂದೆ ಹೋಗುವವರು ಧ್ವನಿ ತಗ್ಗಿಸಿ, "ಹೆಂಗಸಿನ ಜೀವ ತೆಗೆದವನ ಮನೆ" ಎಂದು ಹೊಸಬರಿಗೆ ತೋರಿಸುತ್ತಿದ್ದರು. ಅವನಿಗೂ ಕೇಳಿಸುತ್ತಿತ್ತು. ಒಂದೇ ಒಂದು ಸಲ, ಅನ್ನ ಕಲಸುತ್ತ, "ಅವನು ಒಂದು ಮಾತು ಹೇಳಿದ್ದಿದ್ರೆ ಆಗ್ತಿತ್ತು ಕಣೇ. ನಾನು ದುಡ್ಡು ತಿಂದು ಸಹಿ ಹಾಕಲಿಲ್ಲ ಅನ್ನೋದಾದ್ರೂ ಜನಕ್ಕೆ ಗೊತ್ತಾಗ್ತಿತ್ತು" ಎಂದಿದ್ದ. ಆ ಒಂದು ಮಾತನ್ನು ಹೇಗಾದರೂ ಮಾಡಿ ಆ ಬಾಯಿಂದ ಹೊರಡಿಸಬೇಕು ಎಂದು ಅತ್ತಿಗೆ ಅವತ್ತೇ ತೀರ್ಮಾನಿಸಿದ್ದಳು.

ಕಾದಳು. ಈಗ ನೆನಪಣ್ಣ ಮಂತ್ರಿಯಾಗುತ್ತಾನೆ ಎಂಬ ಸುದ್ದಿ ಎದ್ದಿತು. ಪಕ್ಷದ ಹಿರಿಯರು ಖುದ್ದಾಗಿ ಊರಿಗೆ ಬಂದು ಅವನ ಜನಸಂಪರ್ಕ ಸಭೆ ನೋಡಿ ನಿರ್ಧರಿಸುತ್ತಾರಂತೆ. ಅತ್ತಿಗೆ ಅವನ ಕಚೇರಿಗೆ ಹೋದಳು. ತಿರುಗುವ ಕುರ್ಚಿ, ಗಾಜಿನ ಮೇಜು, ಗೋಡೆಯ ತುಂಬ ಅವನೇ ಯಾರದೋ ಕೈ ಹಿಡಿದಿರುವ ಫೋಟೋಗಳು. ಪ್ರತಿಯೊಂದರಲ್ಲೂ ಅವನ ಭುಜದ ಹಿಂದೆ ಅರ್ಧ ಕತ್ತರಿಸಿಹೋದ ಒಂದು ಕರವಸ್ತ್ರ.

"ಇನ್ನೇನು ಎತ್ತರಕ್ಕೆ ಹೋಗ್ತಿದ್ದೀಯ. ಯಾರೂ ಇನ್ನು ನಿನ್ನ ಅಲ್ಲಾಡಿಸಕ್ಕಾಗಲ್ಲ" ಎಂದಳು. "ಆ ಸಭೆಯಲ್ಲಿ ಒಂದು ಮಾತು ಹೇಳಿಬಿಡು. ಸಹಿ ಹಾಕು ಅಂತ ಒತ್ತಾಯ ಮಾಡಿದ್ದು ನಾನು ಅಂತ. ಅಷ್ಟು ಸಾಕು."

ಅವನು ಫೋನಿನಿಂದ ಕಣ್ಣೆತ್ತಲಿಲ್ಲ. "ಅತ್ತಿಗೆ, ಮುಗಿದುಹೋದ ಕಥೆ ಯಾಕೆ ಕೆದಕ್ತೀರಾ? ಜನ ಮರೆತಿದ್ದಾರೆ."

"ಜನ ಮರೆತಿಲ್ಲ ಕಣೋ. ದಿನಾ ಬಾಗಿಲ ಮುಂದೆ ಹೇಳ್ಕೊಂಡು ಹೋಗ್ತಾರೆ. ನಿಮ್ಮಣ್ಣ ಮೂರು ವರ್ಷದಿಂದ ಬಿಸಿಲು ನೋಡಿಲ್ಲ."

"ಅಣ್ಣಂಗೆ ಅಭ್ಯಾಸ ಆಗ್ಬಿಟ್ಟಿದೆ ಬಿಡಿ" ಎಂದ ನೆನಪಣ್ಣ. "ಈಗ ಸುಮ್ನೆ ಹೊರಗೆ ಎಳೆದ್ರೆ ಅವನಿಗೇ ಕಷ್ಟ. ಸಭೆಯ ಪಟ್ಟಿ ಮಾಡಿದ್ರಾ?"

ಅಭ್ಯಾಸ! ಎಂಥ ನಾಲಗೆಯಪ್ಪ ಅದು! ಅತ್ತಿಗೆ ಎರಡು ಕ್ಷಣ ಆ ತಿರುಗುವ ಕುರ್ಚಿಯನ್ನೇ ನೋಡುತ್ತ ನಿಂತಳು. ಧ್ವನಿ ಮಾತ್ರ ತಣ್ಣಗಿತ್ತು. "ಮಾಡ್ತೀನಿ" ಎಂದಳು. "ಪಟ್ಟಿ ನಾನೇ ಮಾಡ್ತೀನಿ. ಈ ಸಲ ಚೆನ್ನಾಗಿ ಮಾಡ್ತೀನಿ."

ಅಲ್ಲಿಂದ ನೇರ ಅವಳು ಹೋದದ್ದು ಬೀಗ ರಿಪೇರಿಯವನ ಅಂಗಡಿಗೆ. ಅಂಗಡಿ ಅಂದರೆ ಎರಡು ಕಟ್ಟಡದ ಸಂದಿಯಲ್ಲಿ ಒಂದು ಹಲಗೆ, ಒಂದು ಅರ, ಮೊಳೆಗೆ ನೇತುಹಾಕಿದ ನೂರಾರು ಕೀಲಿ. ಎಂಟು ವರ್ಷದಲ್ಲಿ ಅವಳು ಆ ಬೀದಿಗೆ ಕಾಲಿಟ್ಟಿರಲಿಲ್ಲ. ಜನರ ಗುಂಪಿನಲ್ಲಿ ಇವನ ಬಿಳಿಗಡ್ಡ ಕಂಡರೆ ಸಾಕು, "ಬಲಗಡೆ ಬೇಡ" ಎಂದು ಮೈದುನನನ್ನು ಎಡಕ್ಕೆ ತಿರುಗಿಸಿಬಿಡುತ್ತಿದ್ದಳು. ಹೀಗಾಗಿ ನೆನಪಣ್ಣ ಈ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಇಷ್ಟು ವರ್ಷ ಆ ಮುಖ ಎದುರಾಗದಂತೆ ಅವನನ್ನು ಕಾದವಳು ಇವಳೇ.

ಬೀಗದವನು ಅವಳನ್ನು ನೋಡಿ ಅರ ಕೆಳಗಿಟ್ಟ. ಕೂರಿ ಅನ್ನಲಿಲ್ಲ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅಡುಗೆಮನೆ, ಸಣ್ಣ ಕಂಬಿ, ಇಪ್ಪತ್ತೊಂದು ದಿನ, ನಾನಿದ್ದೀನಿ ಎಂಬ ಮಾತು. ಅವನು ಪೂರ್ತಿ ಕೇಳಿಸಿಕೊಂಡ.

"ಇದು ನಿಮಗೆ ಎಂಟು ವರ್ಷದಿಂದ ಗೊತ್ತಿತ್ತು" ಎಂದ.

"ಗೊತ್ತಿತ್ತು."

"ಗೊತ್ತಿದ್ದೂ ಮೂಗಿಗೆ ಬಟ್ಟೆ ಹಿಡ್ಕೊಂಡು ಅವನ ಹಿಂದೆ ಓಡಾಡ್ತಿದ್ರಿ."

"ಓಡಾಡ್ತಿದ್ದೆ."

"ನಿಮ್ಮ ಯಜಮಾನ್ರನ್ನ ನಾನು ದಿನಾ ಶಪಿಸ್ತಿದ್ದೆನಮ್ಮ. ದಿನಾ ಅಂದ್ರೆ ದಿನಾ. ಹಲ್ಲುಜ್ಜೋ ಹಾಗೆ." ಮೊಳೆಯಿಂದ ಒಂದು ಕೀಲಿ ತೆಗೆದು ಮತ್ತೆ ಅಲ್ಲೇ ನೇತುಹಾಕಿದ. "ಬಾಯಿ ಬಿಟ್ಟಿದ್ರೆ ಅಷ್ಟನ್ನೂ ಸರಿಯಾದವನಿಗೆ ಶಪಿಸ್ತಿದ್ದೆ. ನೀವು ಸಾಮಾನ್ಯದವರಲ್ಲ."

ಅವನು ಹೇಳಿದ್ದು ನ್ಯಾಯವಾಗಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅವನು ಅರವನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದ: "ಅವನಿಗೆ ನನ್ನ ಗುರುತು ಸಿಗುತ್ತಾ?"

"ನಾನು ಹೇಳಿಕೊಟ್ರೆ ಸಿಗುತ್ತೆ."

"ಹೇಳಿಕೊಡಬೇಡಿ" ಎಂದ ಬೀಗದವನು. "ನನ್ನನ್ನ ಅವನ ಮುಂದೆ ನಿಲ್ಲಿಸಿ. ಏನು ಹೇಳ್ತಾನೋ ನೋಡೋಣ. ಹೆಂಡ್ತಿ ಹೋದವನು ಇವನು ಅಂತ ಅವನಾಗೇ ಗುರುತಿಸಿದ್ರೆ, ಒಂದು ತಪ್ಪಾಯ್ತು ಅಂದ್ರೆ, ನಾನು ಬಾಯಿ ಮುಚ್ಕೊಂಡು ವಾಪಸ್ ಬರ್ತೀನಿ."

ಅತ್ತಿಗೆ ಒಪ್ಪಿದಳು. ಆ ಷರತ್ತು ಅವಳಿಗೂ ಸರಿ ಎನ್ನಿಸಿತು. ತಪ್ಪಾಯಿತು ಎಂದುಬಿಟ್ಟರೆ ತನಗೂ ಸಾಕು. ಅನ್ನುವುದಿಲ್ಲ ಎಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಭೆ ಪುರಭವನದಲ್ಲಿ, ಬೆಳಗ್ಗೆ ಹತ್ತಕ್ಕೆ. ಕುರ್ಚಿಗಳೆಲ್ಲ ತುಂಬಿ ಜನ ಕಿಟಕಿಗೆ ಆತುಕೊಂಡು ನಿಂತಿದ್ದರು. ವೇದಿಕೆಯ ಮಧ್ಯದಲ್ಲಿ ಪಕ್ಷದ ಹಿರಿಯರು, ದಪ್ಪ ಕನ್ನಡಕ, ಕೈಯಲ್ಲಿ ನೀರಿನ ಲೋಟ. ನೆನಪಣ್ಣನ ಪದ್ಧತಿ ಏನೆಂದರೆ, ಅವನು ವೇದಿಕೆಯ ಮೇಲೆ ಕೂರುವುದಿಲ್ಲ. ಕೈಮೈಕು ಹಿಡಿದು ಕೆಳಗಿಳಿದು, ಸಾಲಾಗಿ ಬರುವ ಜನರ ಹತ್ತಿರ ತಾನೇ ಹೋಗುತ್ತಾನೆ. ಕೇಳಿದ ಕುಶಲವೆಲ್ಲ ಭವನದ ನಾಲ್ಕೂ ಮೂಲೆಗೆ ಕೇಳಿಸಬೇಕು, ಅದಕ್ಕೇ ಮೈಕು. ಒಂದು ಹೆಜ್ಜೆ ಹಿಂದೆ ಅತ್ತಿಗೆ, ಅವಳ ನೆಗಡಿ, ಅವಳ ಕರವಸ್ತ್ರ.

ಮೊದಲು ಬೇಕರಿಯವನು. "ಮಗನ ಕಣ್ಣು, ಎರಡನೇ ಆಪರೇಷನ್" ಎಂದಳು. "ಏನಪ್ಪಾ, ಮಗನ ಎರಡನೇ ಆಪರೇಷನ್ನೂ ಆಯ್ತಂತೆ! ಪಟ್ಟಿ ಬಿಚ್ಚಿದ್ರಾ?" ಎಂದು ಮೈಕು ಕೇಳಿತು. ಬೇಕರಿಯವನು ಕಣ್ಣೊರೆಸಿಕೊಂಡ. ಜನ ಚಪ್ಪಾಳೆ ತಟ್ಟಿದರು. ಹಿರಿಯರು ಪಕ್ಕದವರ ಕಡೆ ಬಾಗಿ ಏನೋ ಮೆಚ್ಚಿಗೆಯ ಮಾತು ಹೇಳಿದರು.

ಎರಡನೆಯವಳು ಹೊಲಿಗೆಯಂಗಡಿ ಹೆಂಗಸು. "ತಂಗಿಗೆ ಅವಳಿ ಮಕ್ಕಳು." ಮೈಕು ನಗುತ್ತ, "ಒಂದು ಕೇಳಿದ್ರೆ ಎರಡು ಕೊಟ್ಟಿದ್ದಾನೆ ದೇವರು, ಅಂಗಿ ಹೊಲಿಯೋಕೆ ಪುರುಸೊತ್ತೇ ಇಲ್ಲ ಅನ್ನಿ!" ಎಂದಿತು. ಭವನವೆಲ್ಲ ನಕ್ಕಿತು. ನೆನಪಣ್ಣ ಅಂಥ ಲಹರಿಯಲ್ಲಿದ್ದ. ಮಂತ್ರಿ ಕುರ್ಚಿ ಇನ್ನೇನು ಕೈಗೆಟುಕುತ್ತಿದೆ ಎನ್ನುವುದು ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಮೂರನೆಯವನು ಬೀಗ ರಿಪೇರಿಯವನು. ಗಡ್ಡ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕೈ ಬಿಟ್ಟುಕೊಂಡು ನಿಂತಿದ್ದ.

ನೆನಪಣ್ಣ ತಲೆಯನ್ನು ತುಸು ಎಡಕ್ಕೆ ವಾಲಿಸಿದ. ಪಿಸುಮಾತು ಬರಲಿಲ್ಲ. ಅಂಗಿಯ ತೋಳೂ ಅಲ್ಲಾಡಲಿಲ್ಲ. ಅತ್ತಿಗೆ ಕರವಸ್ತ್ರವನ್ನು ತುಟಿಗೆ ಒತ್ತಿ ಹಿಡಿದು, ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತ ನಿಂತಿದ್ದಳು. ಹದಿಮೂರನೆಯ ವಯಸ್ಸಿನಲ್ಲಿ ಆ ಕತ್ತಿಗೆ ಸೋಪು ಹಚ್ಚಿ ತಿಕ್ಕಿದ್ದು ಅವಳಿಗೆ ನೆನಪಾಯಿತು. ಒಂದು ಕ್ಷಣ ಕೈ ಅವನ ತೋಳಿನ ಕಡೆ ಹೋಗಲು ನೋಡಿತು. ಅಭ್ಯಾಸ ಆಗಿಬಿಟ್ಟಿದೆ ಬಿಡಿ ಎಂದಿದ್ದನಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಎಲ್ಲ ಸುಖ ಎಂದುಕೊಂಡ ನೆನಪಣ್ಣ ಬೀಗದವನ ಕೈ ಹಿಡಿದು ಕುಲುಕಿದ. "ಆಹಾ, ಬನ್ನಿ ಬನ್ನಿ! ನೀವು ಸಿಗದಿದ್ರೂ ಮೊನ್ನೆ ಮಾರ್ಕೆಟ್ ಹತ್ರ ನಿಮ್ಮ ಮನೆಯವರು ಸಿಕ್ಕಿದ್ರು!"

ಭವನದಲ್ಲಿ ಯಾರೋ ಒಬ್ಬ ಹೆಂಗಸು "ಅಯ್ಯೋ" ಎಂದಳು. ನೆನಪಣ್ಣನಿಗೆ ಕೇಳಿಸಲಿಲ್ಲ.

"ಹೌದಾ ಸಾರ್?" ಎಂದ ಬೀಗದವನು. "ಹೇಗಿದ್ದಳು?"

"ಚೆನ್ನಾಗಿದ್ರು! ಕೈತುಂಬ ಚೀಲ ಹಿಡ್ಕೊಂಡು ನಗ್ತಾ ಬರ್ತಿದ್ರು. ನಿಮ್ಮ ಮೇಲೆ ಒಂದು ದೂರು ಹೇಳಿದ್ರು ನೋಡಿ. ಊಟದ ಹೊತ್ತಿಗೆ ಮನೆಗೆ ಬರಲ್ವಂತೆ ನೀವು!"

ಬೇರೆ ದಿನವಾಗಿದ್ದರೆ ಇಲ್ಲಿ ನಗು ಏಳಬೇಕಿತ್ತು. ಏಳಲಿಲ್ಲ. ಮುಂದಿನ ಸಾಲಿನಿಂದ ಕಿಟಕಿಯವರೆಗೆ ಎಲ್ಲರಿಗೂ ಬೀಗದವನು ಗೊತ್ತು, ಅವನ ಹೆಂಡತಿ ಸತ್ತದ್ದು ಎಲ್ಲಿ ಎಂದು ಗೊತ್ತು. ಆ ಮೌನ ನೆನಪಣ್ಣನಿಗೆ ಈಗ ತಟ್ಟಿತು. ಅವನ ನಗು ಮುಖದ ಮೇಲೆ ಹಾಗೇ ಉಳಿದು ಕಣ್ಣು ಮಾತ್ರ ಅತ್ತಿತ್ತ ಓಡಾಡಿತು.

"ಅವಳು ಹೋಗಿ ಎಂಟು ವರ್ಷ ಆಯ್ತು ಸಾರ್" ಎಂದ ಬೀಗದವನು. ಕೂಗಲಿಲ್ಲ. ಮೈಕು ಅವನ ಎದೆಯ ಹತ್ತಿರವೇ ಇತ್ತು. "ನೀವೇ ರಿಬ್ಬನ್ ಕತ್ತರಿಸಿದ ಮಾರ್ಕೆಟ್ಟು. ಅದರ ಛಾವಣಿ ಕೆಳಗೆ. ನಿಮಗೆ ಸಿಕ್ಕಿದ್ಲು ಅಂದ್ರಲ್ಲ, ಎಲ್ಲಿ ಸಿಕ್ಕಿದ್ಲು ಅಂತ ಹೇಳಿಬಿಡಿ ಸಾರ್, ನಾನೂ ಹೋಗ್ತೀನಿ."

ನೆನಪಣ್ಣ ಸರ್ರನೆ ಹಿಂದಕ್ಕೆ ತಿರುಗಿದ. ಭಯದಲ್ಲಿ ಮನುಷ್ಯನಿಗೆ ಕೈಯಲ್ಲಿ ಏನಿದೆ ಎನ್ನುವುದೂ ಮರೆತುಹೋಗುತ್ತದೆ. ಮೈಕನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು, "ಅತ್ತಿಗೇ, ಯಾಕೆ ಹೇಳಿಕೊಡ್ಲಿಲ್ಲ?" ಎಂದ. ಆ ಪ್ರಶ್ನೆ ಭವನದ ನಾಲ್ಕೂ ಮೂಲೆಗೆ ಹೋಗಿ ಬಡಿಯಿತು.

ಬೇಕರಿಯವನು ಎದ್ದು ನಿಂತ. ಹೊಲಿಗೆಯಂಗಡಿ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹದಿನೈದು ವರ್ಷ ತಮ್ಮ ತಾಯಿಯ ಮಂಡಿ, ಮಗನ ಕಣ್ಣು, ತಂಗಿಯ ಹೆರಿಗೆ ಯಾರಿಗೆ ನೆನಪಿತ್ತು ಎನ್ನುವುದು ಅಷ್ಟೂ ಜನಕ್ಕೆ ಒಟ್ಟಿಗೇ ತಿಳಿಯಿತು.

ಅತ್ತಿಗೆ ಕರವಸ್ತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮೈಕು ಕೇಳಲಿಲ್ಲ, ಆಸ್ಪತ್ರೆ ಕಿಟಕಿಯಲ್ಲಿ ನೂರು ಜನರ ಗದ್ದಲದ ಮೇಲೆ ಕೂಗಿ ಕರೆದ ಗಂಟಲು ಅದು. "ಹೇಳಿಕೊಡ್ತೀನಿ, ತಗೋ" ಎಂದಳು. "ಇವರ ಹೆಂಡ್ತಿ ಸತ್ತಿದ್ದು ಒಂಬತ್ತೇ ದಿನಕ್ಕೆ ಆಸರೆ ತೆಗೆಸಿದ ಹಸಿ ಛಾವಣಿ ಕೆಳಗೆ. ನಿಮ್ಮಣ್ಣ ಸಹಿ ಹಾಕಲ್ಲ ಅಂದ್ರು. ಇಪ್ಪತ್ತೊಂದು ದಿನ ಬೇಕು ಅಂದ್ರು, ಕಂಬಿ ಸಣ್ಣದು ಅಂದ್ರು. ನನ್ನ ಅಡುಗೆಮನೆಯಲ್ಲಿ ನಿಂತ್ಕೊಂಡು, ನಾನಿದ್ದೀನಿ ಸಹಿ ಹಾಕು ಅಂದವನು ನೀನು. ಅವರನ್ನ ಜೈಲಿಗೆ ಕಳಿಸಿ, ಅದನ್ನೇ ಊರೂರಲ್ಲಿ ಹೇಳ್ಕೊಂಡು ಓಟು ತಗೊಂಡವನು ನೀನು. ಗೊತ್ತಿದ್ದೂ ಬಾಯಿಗೆ ಬಟ್ಟೆ ಹಿಡ್ಕೊಂಡು ನಿಂತವಳು ನಾನು. ನನಗೂ ಬೈಯಿರಿ, ಬೇಡ ಅನ್ನಲ್ಲ. ಆದ್ರೆ ಇನ್ನು ಮೇಲೆ ಯಾರೂ ನನ್ನ ಗಂಡ ದುಡ್ಡು ತಿಂದ ಅನ್ನಬೇಡಿ."

"ಅತ್ತಿಗೆಗೆ ಹುಷಾರಿಲ್ಲ" ಎಂದ ನೆನಪಣ್ಣ. "ಇವರಿಗೆ ತಲೆ—"

"ಹಾಗಾದ್ರೆ ನಿನ್ನ ಎಡಗಡೆ ನಿಂತಿರೋರು ಯಾರು ಹೇಳು" ಎಂದಳು ಅತ್ತಿಗೆ. "ಎರಡು ನಿಮಿಷದ ಹಿಂದೆ ಕೈ ಹಿಡಿದಿದ್ದೆ. ಹೇಳು ನೋಡೋಣ."

ಅವನು ಎಡಕ್ಕೆ ನೋಡಿದ. ಬೇಕರಿಯವನು ಅವನನ್ನೇ ದಿಟ್ಟಿಸುತ್ತಿದ್ದ. ನೆನಪಣ್ಣನ ಬಾಯಿ ತೆರೆಯಿತು, ಮುಚ್ಚಿತು. ವೇದಿಕೆಯ ಮೇಲೆ ಹಿರಿಯರು ನೀರಿನ ಲೋಟ ಕೆಳಗಿಟ್ಟು, ಯಾರಿಗೋ ಕಾರು ತರಲು ಹೇಳಿ, ಹಿಂದಿನ ಬಾಗಿಲಿನಿಂದ ಇಳಿದು ಹೋದರು. ಜನ ಕಲ್ಲೆಸೆಯಲಿಲ್ಲ, ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಅವನ ಮುಂದೆ ಬಂದು ನಿಂತು, "ನಾನು ಯಾರು ಹೇಳಿ ಸಾರ್?" ಎಂದು ಕೇಳಿ ಕೇಳಿ ಹೊರಟುಹೋದರು. ಅದನ್ನು ಕಡೆಯವರೆಗೂ ನಿಂತು ನೋಡಿದಳು ಅತ್ತಿಗೆ. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ತುಂಬ ಖುಷಿಯಾಯಿತು.

ಅವಳು ಮನೆ ಸೇರುವಷ್ಟರಲ್ಲಿ ಸುದ್ದಿ ಮುಂಚೆಯೇ ಬಂದಿತ್ತು. ಗಂಡ ಟೇಪು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ.

"ಎಲ್ಲರ ಮುಂದೆ ಅವನ ಮಾನ ತೆಗೆದೆಯಂತೆ."

"ತೆಗೆದೆ."

"ಸಹಿ ನನ್ನದು ಕಣೇ. ನನ್ನ ಕೈ ಹಿಡಿದು ಯಾರೂ ಬರೆಸಲಿಲ್ಲ."

"ಸಹಿಗೆ ನೀವು ನಾಲ್ಕು ವರ್ಷ ಜೈಲಲ್ಲಿ, ಮೂರು ವರ್ಷ ಇಲ್ಲಿ ಕೂತಿದ್ದೀರಿ. ಮಾತು ಆಡಿದವನು ಒಂದು ದಿನ ಕೂತಿಲ್ಲ. ಇವತ್ತಿಂದ ಕೂರಲಿ."

ಗಂಡ ಟೇಪನ್ನು ಸುತ್ತಿ ಕಿಟಕಿಯಲ್ಲಿಟ್ಟ. ಆಮೇಲೆ, "ಊಟ ಮಾಡಿದ್ನಾ ಅವನು?" ಎಂದು ಕೇಳಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ನಾನೇನು ಅವನ ಅಡುಗೆಯವಳಾ? ನಿಮಗೋಸ್ಕರ ನಾನು ಊರ ಮುಂದೆ ನಿಂತು ಬಂದಿದ್ದೀನಿ, ನಿಮಗೆ ಅವನ ಊಟದ ಚಿಂತೆ!"

"ನೀನು ಮಾಡಿದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ" ಎಂದ ಗಂಡ. ಗೂಟದಿಂದ ಅಂಗಿ ತೆಗೆದು ಹಾಕಿಕೊಂಡ. "ಇವತ್ತು ಅವನ ಮನೆಗೆ ಯಾರೂ ಹೋಗಲ್ಲ ಕಣೇ. ನಮ್ಮನೆಗೆ ಯಾರೂ ಬರದೆ ಇದ್ದಾಗ ಹೇಗಿತ್ತು ಅಂತ ನನಗೆ ಗೊತ್ತು."

"ಅವನೂ ಬರಲಿಲ್ಲ!"

"ಹೌದು. ಅವನೂ ಬರಲಿಲ್ಲ." ಗಂಡ ಚಪ್ಪಲಿ ಹುಡುಕಿದ. ಮೂರು ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದ ಚಪ್ಪಲಿಯ ದೂಳು ಕೊಡವಿ ಹಾಕಿಕೊಂಡು ಹೊಸಿಲು ದಾಟಿದ.

ಅವಳು ಬಾಗಿಲಿಗೆ ಓಡಿದಳು. ನಡುಮಧ್ಯಾಹ್ನದ ಬಿಸಿಲು. ಗಂಡ ಕಣ್ಣಿಗೆ ಕೈ ಅಡ್ಡ ಹಿಡಿದು ಬೀದಿಯಲ್ಲಿ ನಿಂತಿದ್ದ. ಎದುರು ಮನೆಯ ನಿವೃತ್ತ ಮೇಷ್ಟರು ಕುರ್ಚಿಯಿಂದ ಎದ್ದು ನಿಂತರು. "ಓವರ್‌ಸಿಯರ್ ಸಾಹೇಬ್ರೇ" ಎಂದರು, ಮುಂದೆ ಏನು ಹೇಳಬೇಕೋ ತಿಳಿಯದೆ, "ಬಿಸಿಲು ಜಾಸ್ತಿ ಇದೆ, ಕೊಡೆ ಕೊಡ್ಲಾ?" ಎಂದರು. ಕ್ಷೌರದ ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ದಾರಿ ಬಿಟ್ಟು ನಿಂತ. ಹೆಂಗಸಿನ ಜೀವ ತೆಗೆದವನ ಮನೆ ಎನ್ನುತ್ತಿದ್ದ ಬಾಯಿಗಳೇ ಇವೆಲ್ಲ. ಗಂಡ ಕೊಡೆ ಬೇಡವೆಂದು ಕೈಯಾಡಿಸಿ, ಬೀದಿಯ ನಡುವೆ ನಡೆದು, ತಮ್ಮನ ಮನೆಯ ಕಡೆಗೆ ತಿರುಗಿದ.

"ರೀ!" ಎಂದು ಕೂಗಿದಳು ಅವಳು. ಇಡೀ ಬೀದಿಗೆ ಕೇಳಿಸಿತು, ಕೇಳಿಸಲಿ. "ನೀವು ಕ್ಷಮಿಸೋದಿದ್ರೆ ಕ್ಷಮಿಸಿ, ನಿಮ್ಮ ತಮ್ಮ, ನಿಮ್ಮ ಇಷ್ಟ. ನಾನು ಕ್ಷಮಿಸಿಲ್ಲ ಅಂತ ಅವನಿಗೆ ಹೇಳಿಬಿಡಿ!"

ಗಂಡ ತಿರುಗಿ ನೋಡದೆ, ಹೇಳ್ತೀನಿ ಎನ್ನುವಂತೆ ಒಂದು ಕೈ ಎತ್ತಿದ. ಅವಳು ಒಳಗೆ ಬಂದು, ತಟ್ಟೆ ಹಾಕಿಕೊಂಡು, ಒಬ್ಬಳೇ ಊಟಕ್ಕೆ ಕೂತಳು. ತುಂಬ ಹಸಿವಾಗಿತ್ತು.